ಕೈಯಲ್ಲಿ ದುಡ್ಡು ಕಮ್ಮಿ ಇದ್ದಾಗ ಮಿನಿ ಟ್ರ್ಯಾಕ್ಟರ್: ಆಯ್ಕೆ, ಸಾಲ, ಕಂತಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

"ನನ್ನ ಹತ್ತಿರ ಇಷ್ಟೇ ಇದೆ, ಯಾವ ಟ್ರ್ಯಾಕ್ಟರ್ ತಗೊಳ್ಳಲಿ?" ಅಂತ ಕೇಳುವವರಿಗೆ ಒಂದು ಕಂಪನಿಯ ಹೆಸರು ಹೇಳಿಬಿಟ್ಟರೆ ಕೆಲಸ ಸಲೀಸು. ಆದರೆ ಉತ್ತರ ಹೆಸರಿನಲ್ಲಿಲ್ಲ. ಕೆಲಸ ಏನು, ವರ್ಷಕ್ಕೆ ಎಷ್ಟು ಗಂಟೆ, ಬೆಳೆ ಕೈಕೊಟ್ಟ ವರ್ಷವೂ ಎಷ್ಟು ಕಂತು ಕಟ್ಟಬಲ್ಲಿರಿ ಅನ್ನುವ ಮೂರು ವಿಷಯಗಳಲ್ಲಿದೆ. ಕೆಳಗಿನ ಲೆಕ್ಕಗಳಲ್ಲಿ ಬರುವ ಮೊತ್ತಗಳು ಬರೀ ಉದಾಹರಣೆ. ನಿಮ್ಮ ಅಂಕಿ ಹಾಕಿ ನೋಡಿಕೊಳ್ಳಿ.

ಮಿನಿ ಟ್ರ್ಯಾಕ್ಟರ್ ಅಂದರೆ ಎಷ್ಟು ಎಚ್‌ಪಿ?

ಗಟ್ಟಿ ಗೆರೆ ಇಲ್ಲ. ಸಾಮಾನ್ಯವಾಗಿ 15ರಿಂದ 40 ಎಚ್‌ಪಿ ತನಕದ್ದನ್ನು ಈ ಗುಂಪಿಗೆ ಸೇರಿಸುತ್ತಾರೆ. ಎಚ್‌ಪಿಗಿಂತ ಅಗಲ, ತೂಕ, ಉಪಕರಣ ಕಟ್ಟುವ ಹಿಂದಿನ ಮೂರು ಕೊಂಡಿಯ ಅಳತೆ ನೋಡಿದರೆ ಗಾಡಿ ಯಾವ ವರ್ಗದ್ದು ಅಂತ ಜಾಸ್ತಿ ಗೊತ್ತಾಗುತ್ತದೆ.

ನನಗೆ ಎಷ್ಟು ಎಚ್‌ಪಿ ಬೇಕು ಅಂತ ಹೇಗೆ ತಿಳಿಯುವುದು?

ಟ್ರ್ಯಾಕ್ಟರ್ ನೋಡುವುದಕ್ಕೆ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ವರ್ಷದಲ್ಲಿ ಮಾಡುವ ಕೆಲಸಗಳನ್ನೆಲ್ಲ ಬರೆಯಿರಿ: ಉಳುಮೆ, ರೋಟವೇಟರ್, ಹುಲ್ಲು ಕತ್ತರಿಸುವುದು, ಔಷಧಿ ಸಿಂಪಡಣೆ, ಟ್ರೈಲರ್ ಎಳೆಯುವುದು, ಗೊಬ್ಬರ ಸಾಗಿಸುವುದು. ಪ್ರತಿಯೊಂದರ ಎದುರು ಎಷ್ಟು ಗಂಟೆ ಅಂತ ಹಾಕಿ. ಬಹಳ ಜನ ವರ್ಷಕ್ಕೊಮ್ಮೆ ಬರುವ ಅತಿ ಭಾರದ ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡು ದೊಡ್ಡ ಗಾಡಿ ತಗೊಳ್ಳುತ್ತಾರೆ. ಉಳಿದ ದಿನಗಳಲ್ಲಿ ಅದರ ಅರ್ಧ ಶಕ್ತಿ ಸುಮ್ನೆ ನಿಂತಿರುತ್ತದೆ. ಆ ಒಂದು ಕೆಲಸವನ್ನು ಬಾಡಿಗೆಗೆ ಮಾಡಿಸಿ, ಉಳಿದದ್ದಕ್ಕೆ ತಕ್ಕ ಗಾಡಿ ಕೊಳ್ಳುವುದೇ ಲೇಸು.

ಇನ್ನೊಂದು: ಬಾನೆಟ್ ಮೇಲೆ ಬರೆದಿರುವುದು ಸಾಮಾನ್ಯವಾಗಿ ಇಂಜಿನ್ ಎಚ್‌ಪಿ. ಹಿಂದೆ ರೋಟವೇಟರ್ ತಿರುಗಿಸುವುದು ಪಿಟಿಒ ಎಚ್‌ಪಿ. ಪಿಟಿಒ ಅಂದರೆ ಇಂಜಿನ್ ಶಕ್ತಿಯನ್ನು ಉಪಕರಣಕ್ಕೆ ಕೊಡುವ, ಹಿಂದೆ ತಿರುಗುವ ಶಾಫ್ಟ್. 25 ಎಚ್‌ಪಿ ಇಂಜಿನ್ನಿಗೆ ಪಿಟಿಒದಲ್ಲಿ 20ರಿಂದ 22ರಷ್ಟು ಸಿಗುತ್ತದೆ. ಹೈಡ್ರೋಸ್ಟಾಟಿಕ್ (ಎಣ್ಣೆಯ ಒತ್ತಡದಿಂದ ಗಾಡಿ ಓಡಿಸುವ) ಗೇರ್‌ಬಾಕ್ಸ್ ಇದ್ದರೆ ಇನ್ನೂ ಸ್ವಲ್ಪ ಕಮ್ಮಿ. ಎರಡು ಗಾಡಿ ಹೋಲಿಸುವಾಗ ಪಿಟಿಒ ಎಚ್‌ಪಿ ಕೇಳಿ.

ಹುಲ್ಲು ಕತ್ತರಿಸುವ ರೋಟರಿ ಯಂತ್ರಕ್ಕೆ ಅಗಲದ ಪ್ರತಿ ಅಡಿಗೆ ಸುಮಾರು 5 ಪಿಟಿಒ ಎಚ್‌ಪಿ ಬೇಕು ಅನ್ನುವುದು ರೂಢಿಯ ಲೆಕ್ಕ. ರೋಟವೇಟರ್ ಮಣ್ಣಿನೊಳಗೆ ಓಡುವುದರಿಂದ ಅಡಿಗೆ 6ರಿಂದ 8 ಅಂತ ಇಟ್ಟುಕೊಳ್ಳಿ. ಮಣ್ಣು ಗಟ್ಟಿ ಇದ್ದರೆ ಮೇಲಿನ ಅಂಕಿ ಹಿಡಿಯಿರಿ. ಅಂದರೆ 20 ಪಿಟಿಒ ಎಚ್‌ಪಿಗೆ 4 ಅಡಿಯ ಹುಲ್ಲಿನ ಯಂತ್ರ ಅಥವಾ 3 ಅಡಿಯ ಆಸುಪಾಸಿನ ರೋಟವೇಟರ್. ಇಲ್ಲಿ ಒಂದು ತೊಡಕಿದೆ. ರೋಟವೇಟರ್ ಹಿಂದಿನ ಎರಡು ಚಕ್ರಗಳ ಹೊರ ಅಂಚನ್ನು ಮುಚ್ಚುವಷ್ಟು ಅಗಲ ಇರಬೇಕು. ಇಲ್ಲದಿದ್ದರೆ ಉತ್ತ ನೆಲದ ಪಕ್ಕದಲ್ಲೇ ಚಕ್ರದ ಗುರುತು ಉಳಿಯುತ್ತದೆ, ಅಥವಾ ಯಂತ್ರವನ್ನು ಒಂದು ಬದಿಗೆ ಸರಿಸಿ ಕಟ್ಟಬೇಕಾಗುತ್ತದೆ.

ನೇಗಿಲು, ಕಲ್ಟಿವೇಟರ್, ಟ್ರೈಲರ್ ಎಳೆಯುವ ಕೆಲಸದಲ್ಲಿ ಎಚ್‌ಪಿಯಷ್ಟೇ ತೂಕವೂ ಮುಖ್ಯ. ಹಗುರ ಗಾಡಿ ಎಷ್ಟು ಶಕ್ತಿ ಇದ್ದರೂ ಚಕ್ರ ತಿರುಗಿಸುತ್ತ ನಿಲ್ಲುತ್ತದೆ. ಹಿಂದಿನ ಟೈರಿಗೆ ಮುಕ್ಕಾಲು ಭಾಗ ನೀರು ತುಂಬಿಸುವುದು ತೂಕ ಹೆಚ್ಚಿಸುವ ಅತಿ ಅಗ್ಗದ ದಾರಿ. ನೀರು ಹೆಪ್ಪುಗಟ್ಟುವ ಕಡೆ ಬರೀ ನೀರು ನಡೆಯುವುದಿಲ್ಲ, ಅದಕ್ಕೆ ಬೇರೆ ದ್ರಾವಣ ಬೇಕು.

ಎರಡು ಚಕ್ರಕ್ಕೆ ಡ್ರೈವ್ ಸಾಕಾ, ನಾಲ್ಕು ಚಕ್ರದ್ದೇ ಬೇಕಾ?

ಸಮತಟ್ಟು ಒಣ ನೆಲ, ಹಗುರ ಕೆಲಸ, ಮುಂದೆ ಲೋಡರ್ (ಮಣ್ಣು, ಗೊಬ್ಬರ ಎತ್ತುವ ಬಕೆಟ್) ಇಲ್ಲ ಅಂದರೆ ಎರಡು ಚಕ್ರದ್ದು ಸಾಕು. ಬೆಲೆ ಕಮ್ಮಿ, ತಿರುಗುವ ಜಾಗ ಕಮ್ಮಿ, ಮುಂದಿನ ಆಕ್ಸಲ್ ರಿಪೇರಿಯ ತಲೆನೋವೂ ಇಲ್ಲ. ಕೆಸರು, ಇಳಿಜಾರು, ಲೋಡರ್ ಇದ್ದರೆ ನಾಲ್ಕು ಚಕ್ರದ್ದು ಬೇಕು. ಸಣ್ಣ ಗಾಡಿಗಳು ಹಗುರ ಇರುವುದರಿಂದ ನಾಲ್ಕು ಚಕ್ರದ ಲಾಭ ಅವುಗಳಲ್ಲಿ ಎದ್ದು ಕಾಣುತ್ತದೆ. ಬಜೆಟ್ ಬಿಗಿ ಇದ್ದು, ಜಾಸ್ತಿ ಎಚ್‌ಪಿಯ ಎರಡು ಚಕ್ರದ್ದೋ ಕಮ್ಮಿ ಎಚ್‌ಪಿಯ ನಾಲ್ಕು ಚಕ್ರದ್ದೋ ಅಂತ ಬಂದರೆ, ಒದ್ದೆ ನೆಲದವರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ.

ಗೇರಿನದ್ದಾ, ಹೈಡ್ರೋಸ್ಟಾಟಿಕ್ಕಾ?

ಹೈಡ್ರೋಸ್ಟಾಟಿಕ್‌ನಲ್ಲಿ ಪೆಡಲ್ ಒತ್ತಿದರೆ ಮುಂದೆ ಹೋಗುತ್ತದೆ, ಹಿಂದೆ ಬರುತ್ತದೆ, ಕ್ಲಚ್ ತುಳಿಯುವ ಗೋಜಿಲ್ಲ. ಲೋಡರ್ ಕೆಲಸಕ್ಕೆ, ಇಕ್ಕಟ್ಟಿನಲ್ಲಿ ಹುಲ್ಲು ಕತ್ತರಿಸುವುದಕ್ಕೆ ಬಹಳ ಆರಾಮ. ಆದರೆ ಬೆಲೆ ಜಾಸ್ತಿ, ಸ್ವಲ್ಪ ಶಕ್ತಿ ಎಣ್ಣೆಯ ಬಿಸಿಯಾಗಿ ಹೋಗುತ್ತದೆ, ಕೆಟ್ಟರೆ ರಿಪೇರಿ ದುಬಾರಿ. ಉಳುಮೆಯೇ ಮುಖ್ಯ ಕೆಲಸವಾದರೆ ಗೇರಿನ ಗಾಡಿ ತಗೊಳ್ಳಿ, ಉಳಿದ ದುಡ್ಡಲ್ಲಿ ಒಂದು ಒಳ್ಳೆ ಉಪಕರಣ ಬರುತ್ತದೆ.

ಪಿಟಿಒ, ಕ್ಲಚ್ ವಿಷಯದಲ್ಲಿ ಏನು ಕೇಳಬೇಕು?

ಇದನ್ನು ಶೋರೂಂನಲ್ಲಿ ಯಾರೂ ತಾವಾಗಿಯೇ ಹೇಳುವುದಿಲ್ಲ, ನೀವೇ ಕೇಳಬೇಕು. ಸಿಂಗಲ್ ಕ್ಲಚ್ ಗಾಡಿಯಲ್ಲಿ ಕ್ಲಚ್ ತುಳಿದರೆ ಗಾಡಿಯೂ ನಿಲ್ಲುತ್ತದೆ, ಪಿಟಿಒ ಕೂಡ ನಿಲ್ಲುತ್ತದೆ. ಗೇರ್ ಬದಲಿಸುವಾಗಲೆಲ್ಲ ರೋಟವೇಟರ್ ತಿರುಗುವುದು ನಿಂತರೆ ಕೆಲಸ ಕೆಡುತ್ತದೆ. ಹುಲ್ಲಿನ ಯಂತ್ರದಲ್ಲಿ ಇದಕ್ಕೆ ತಿರುಗುಮುರುಗಾದ ಅಪಾಯ. ಕ್ಲಚ್ ತುಳಿದರೂ ಭಾರದ ಬ್ಲೇಡ್ ತನ್ನ ವೇಗದಿಂದ ಗೇರ್‌ಬಾಕ್ಸನ್ನು ತಿರುಗಿಸುತ್ತ ಗಾಡಿಯನ್ನು ಮುಂದಕ್ಕೆ ನೂಕುತ್ತದೆ. ಅಂಥ ಗಾಡಿಗೆ ಒಂದೇ ದಿಕ್ಕಿಗೆ ಹಿಡಿಯುವ ಓವರ್‌ರನ್ನಿಂಗ್ ಕ್ಲಚ್ ಹಾಕಿಸಲೇಬೇಕು. ಅದು ಸಣ್ಣ ಖರ್ಚು.

ಡಬಲ್ ಕ್ಲಚ್‌ನಲ್ಲಿ ಪೆಡಲನ್ನು ಅರ್ಧ ತುಳಿದರೆ ಗಾಡಿ ನಿಲ್ಲುತ್ತದೆ, ಪಿಟಿಒ ಓಡುತ್ತಲೇ ಇರುತ್ತದೆ. ಪೂರ್ತಿ ಸ್ವತಂತ್ರ ಪಿಟಿಒಗೆ ಬೇರೆಯೇ ಲಿವರ್ ಅಥವಾ ಸ್ವಿಚ್ ಇರುತ್ತದೆ. ಪಿಟಿಒ ಕೆಲಸ ಜಾಸ್ತಿ ಇರುವವರು ಸೀಟು, ಬಣ್ಣ, ಲೈಟಿಗೆ ಕೊಡುವ ದುಡ್ಡನ್ನು ಇಲ್ಲಿ ಕೊಡಬೇಕು.

ಪಿಟಿಒ ವೇಗ ನಿಮಿಷಕ್ಕೆ 540 ಸುತ್ತು ಅನ್ನುವುದು ಸಾಮಾನ್ಯ ಮಟ್ಟ. ನೀವು ಕೊಳ್ಳುವ ಉಪಕರಣವೂ ಅದಕ್ಕೇ ಮಾಡಿದ್ದಾ ಅಂತ ನೋಡಿ. ಇಂಜಿನ್ ಎಷ್ಟು ಆರ್‌ಪಿಎಂನಲ್ಲಿ ಈ 540 ಬರುತ್ತದೆ ಅನ್ನುವುದನ್ನೂ ಕೇಳಿ. ಕಮ್ಮಿ ಆರ್‌ಪಿಎಂನಲ್ಲಿ ಬಂದರೆ ಹಗುರ ಕೆಲಸದಲ್ಲಿ ಡೀಸೆಲ್ ಉಳಿಯುತ್ತದೆ.

ಲಿಫ್ಟ್ ಸಾಮರ್ಥ್ಯ ಒಂದೊಂದು ಕಡೆ ಒಂದೊಂದು ಬರೆದಿರುತ್ತಾರಲ್ಲ?

ಅಳೆದ ಜಾಗ ಬೇರೆ ಬೇರೆ, ಅದಕ್ಕೇ. ಕೊಂಡಿಯ ತುದಿಯಲ್ಲಿ ಅಳೆದರೆ ಅಂಕಿ ದೊಡ್ಡದು. ಅದರಿಂದ 610 ಮಿಲಿಮೀಟರ್ ಹಿಂದೆ ಅಳೆದರೆ ಚಿಕ್ಕದು. ಉಪಕರಣದ ಭಾರ ಹಿಂದಕ್ಕೇ ಚಾಚಿರುವುದರಿಂದ ಎರಡನೆಯ ಅಂಕಿಯೇ ನಿಮಗೆ ಬೇಕಾದದ್ದು. ಎರಡು ಗಾಡಿಯ ಅಂಕಿಗಳನ್ನು ಒಂದೇ ಅಳತೆಯಲ್ಲಿ ಹೋಲಿಸಿ.

ಹಾಗೇ ಮೂರು ಕೊಂಡಿಯ ವರ್ಗವನ್ನೂ ನೋಡಿ. ಈ ಗಾತ್ರದಲ್ಲಿ ಹೆಚ್ಚಿನವು ಕ್ಯಾಟಗರಿ 1. ಕೆಳಗಿನ ಪಿನ್ 22 ಮಿಲಿಮೀಟರ್, ಮೇಲಿನದು 19. ತೀರಾ ಚಿಕ್ಕವು ಕ್ಯಾಟಗರಿ 0, ಪಿನ್ 16 ಮಿಲಿಮೀಟರ್. ಹಳೆ ಉಪಕರಣ ಅಗ್ಗಕ್ಕೆ ಸಿಗುವುದು ಕ್ಯಾಟಗರಿ 1ರಲ್ಲೇ ಜಾಸ್ತಿ. ಹ್ಯಾರಿ ಫರ್ಗ್ಯುಸನ್ ರೂಪಿಸಿದ ಈ ಮೂರು ಕೊಂಡಿಯ ಜೋಡಣೆ 1939ರ ಫೋರ್ಡ್ 9ಎನ್ ಟ್ರ್ಯಾಕ್ಟರಿನೊಂದಿಗೆ ಮನೆಮಾತಾಯಿತು. ಒಂದು ಕಂಪನಿಯ ನೇಗಿಲನ್ನು ಇನ್ನೊಂದರ ಗಾಡಿಗೆ ಕಟ್ಟುವುದು ಇವತ್ತು ಸಾಧ್ಯವಾಗಿರುವುದು ಈ ಜೋಡಣೆಗೆ ಎಲ್ಲರೂ ಒಪ್ಪುವ ಅಳತೆ ಬಂದದ್ದರಿಂದ. ಕಮ್ಮಿ ದುಡ್ಡಿನವರಿಗೆ ಇದಕ್ಕಿಂತ ಉಪಕಾರ ಬೇರೆ ಇಲ್ಲ.

ಇರುವ ದುಡ್ಡೆಲ್ಲ ಟ್ರ್ಯಾಕ್ಟರಿಗೇ ಹಾಕಬಹುದಾ?

ಬೇಡ. ಟ್ರ್ಯಾಕ್ಟರ್ ಒಂದೇ ನಿಂತರೆ ಏನೂ ಕೆಲಸ ಮಾಡುವುದಿಲ್ಲ, ಅಲ್ವಾ? ಒಟ್ಟು ಬಜೆಟ್ಟಿನಲ್ಲಿ ಕಾಲು ಭಾಗವನ್ನು ಉಪಕರಣಗಳಿಗೆ ಅಂತ ಮೊದಲೇ ಎತ್ತಿಡಿ. ನೋಂದಣಿ, ವಿಮೆ, ಸಾಗಾಟ, ಮೊದಲ ಸೀಸನ್ನಿನ ಡೀಸೆಲ್, ಮೊದಲ ಸರ್ವಿಸ್ ಇವೆಲ್ಲ ಅದರ ಹೊರಗೆ. ಮೊದಲ ವರ್ಷ ಎರಡೇ ಉಪಕರಣ ಕೊಳ್ಳಿ, ಹಾಳೆಯಲ್ಲಿ ಅತಿ ಹೆಚ್ಚು ಗಂಟೆ ಬಂದ ಎರಡು ಕೆಲಸದ್ದು. "ಇದನ್ನೂ ಸೇರಿಸಿಬಿಡಿ, ಕಂತು ಸ್ವಲ್ಪವೇ ಏರುತ್ತದೆ" ಅನ್ನುವ ಮಾತು ಖಂಡಿತ ಬರುತ್ತದೆ. ಆ ಸ್ವಲ್ಪವನ್ನು ಐದು ವರ್ಷ ಕಟ್ಟುತ್ತಲೇ ಇರಬೇಕು.

ಲೋಡರ್ ಬೇಕಾದವರು ಮಾತ್ರ ಗಾಡಿಯ ಜೊತೆಗೇ ತಗೊಳ್ಳುವುದು ಒಳ್ಳೆಯದು. ಆಮೇಲೆ ಕೂರಿಸಲು ಹೈಡ್ರಾಲಿಕ್ ಪೈಪು, ವಾಲ್ವ್, ಬ್ರಾಕೆಟ್ ಅಂತ ಖರ್ಚು ಬೆಳೆಯುತ್ತದೆ.

ಕೊಳ್ಳುವುದೇ ಬೇಕಾ? ಬಾಡಿಗೆ ಸಾಕಾಗುವುದಿಲ್ಲವಾ?

ಇದನ್ನು ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕು. ಲೆಕ್ಕ ಸುಲಭ. ಗಾಡಿ ನಿಂತಿದ್ದರೂ ವರ್ಷಕ್ಕೆ ಆಗುವ ಖರ್ಚನ್ನು ಕೂಡಿಸಿ: ಬೆಲೆ ಇಳಿಯುವುದು, ಬಡ್ಡಿ, ವಿಮೆ, ನಿಲ್ಲಿಸುವ ಶೆಡ್ಡು. ಇದನ್ನು ಗಂಟೆಯ ಬಾಡಿಗೆ ಮತ್ತು ಸ್ವಂತ ಗಾಡಿ ಓಡಿಸುವ ಗಂಟೆಯ ಖರ್ಚಿನ ನಡುವಿನ ಅಂತರದಿಂದ ಭಾಗಿಸಿ. ಉದಾಹರಣೆಗೆ ನಿಂತ ಖರ್ಚು ವರ್ಷಕ್ಕೆ 18,000. ಬಾಡಿಗೆ ಗಂಟೆಗೆ 250. ಸ್ವಂತದ್ದಕ್ಕೆ ಡೀಸೆಲ್, ಆಯಿಲ್, ಸವಕಳಿ, ಕೂಲಿ ಸೇರಿ ಗಂಟೆಗೆ 130. ಅಂತರ 120. 18,000ವನ್ನು 120ರಿಂದ ಭಾಗಿಸಿದರೆ 150. ವರ್ಷಕ್ಕೆ 150 ಗಂಟೆಗಿಂತ ಕಮ್ಮಿ ಓಡಿಸುವವರಿಗೆ ಈ ಅಂಕಿಗಳಲ್ಲಿ ಬಾಡಿಗೆಯೇ ಅಗ್ಗ.

ಆದರೆ ಹದ ಬಂದ ದಿನ ಬಾಡಿಗೆ ಗಾಡಿ ಸಿಗದಿದ್ದರೆ ಆಗುವ ನಷ್ಟ ಈ ಭಾಗಾಕಾರದಲ್ಲಿ ಬರುವುದಿಲ್ಲ. ಅದನ್ನು ನೀವೇ ಅಂದಾಜು ಮಾಡಿ ಸೇರಿಸಬೇಕು. ಅಕ್ಕಪಕ್ಕದ ಇಬ್ಬರು ಮೂವರು ಸೇರಿ ಒಂದು ಗಾಡಿ ಕೊಳ್ಳುವುದೂ ಇದೆ. ಹಾಗೆ ಮಾಡುವುದಾದರೆ ಯಾರ ಹೆಸರಲ್ಲಿ, ಯಾರಿಗೆ ಯಾವ ದಿನ, ರಿಪೇರಿ ಬಂದರೆ ಹೇಗೆ, ಒಬ್ಬರು ಬಿಟ್ಟುಹೋದರೆ ಏನು ಅನ್ನುವುದು ಕಾಗದದಲ್ಲಿರಲಿ. ಸ್ನೇಹ ಉಳಿಯಬೇಕಾದರೆ ಕಾಗದ ಬೇಕು.

ಹೊಸದಾ, ಸೆಕೆಂಡ್ ಹ್ಯಾಂಡಾ?

ಹೊಸ ಗಾಡಿಯ ಬೆಲೆ ಮೊದಲ ಒಂದೆರಡು ವರ್ಷದಲ್ಲೇ ಜೋರಾಗಿ ಇಳಿಯುತ್ತದೆ. ಆ ಇಳಿತವನ್ನು ಮೊದಲ ಮಾಲೀಕ ಹೊತ್ತಿರುವ, ಚೆನ್ನಾಗಿ ಸರ್ವಿಸ್ ಆಗಿರುವ ಗಾಡಿ ಸಿಕ್ಕರೆ ಅದೇ ಒಳ್ಳೆ ವ್ಯಾಪಾರ. ಸಣ್ಣ ಡೀಸೆಲ್ ಇಂಜಿನ್ನುಗಳು ಆಯಿಲ್, ಫಿಲ್ಟರ್ ಸರಿಯಾಗಿ ಬದಲಾಗಿದ್ದರೆ ಹಲವು ಸಾವಿರ ಗಂಟೆ ಓಡುತ್ತವೆ. ಹಾಗಾಗಿ 1,000 ಗಂಟೆ ಓಡಿದ್ದು ಅಂದರೆ ಹೆದರಬೇಕಾಗಿಲ್ಲ. 400 ಗಂಟೆ ಓಡಿ ಬಿಸಿಲು ಮಳೆಯಲ್ಲಿ ವರ್ಷಗಟ್ಟಲೆ ನಿಂತ ಗಾಡಿಗಿಂತ ಅದು ವಾಸಿ.

ಆದರೆ ಹಳೆ ಗಾಡಿಗೆ ಸಾಲ ಸಿಗುವುದು ಕಷ್ಟ. ಸಿಕ್ಕರೂ ಸಾಮಾನ್ಯವಾಗಿ ಬಡ್ಡಿ ಜಾಸ್ತಿ, ಅವಧಿ ಕಮ್ಮಿ, ಮುಂಗಡ ಜಾಸ್ತಿ. ಹೊಸದಕ್ಕೆ ಕಂಪನಿಯೇ ಕಮ್ಮಿ ಬಡ್ಡಿಗೆ ಸಾಲ ಕೊಡಿಸುವುದುಂಟು. ಆದ್ದರಿಂದ ಬೆಲೆಗೆ ಬೆಲೆ ಹೋಲಿಸದೆ, ಕೊನೆಯ ಕಂತಿನ ತನಕ ಕೈಯಿಂದ ಹೋಗುವ ಒಟ್ಟು ದುಡ್ಡನ್ನು ಹೋಲಿಸಿ. ನಿಮಗೆ ರಿಪೇರಿ ಸ್ವಲ್ಪವಾದರೂ ಬರುತ್ತದಾ, ಹತ್ತಿರ ನಂಬುವ ಮೆಕ್ಯಾನಿಕ್ ಇದ್ದಾರಾ? ಎರಡಕ್ಕೂ ಇಲ್ಲ ಅಂದರೆ, ಹೊಸದರಲ್ಲಿ ಚಿಕ್ಕದು ತಗೊಳ್ಳಿ.

ಸೆಕೆಂಡ್ ಹ್ಯಾಂಡ್ ಗಾಡಿಯನ್ನು ಹೇಗೆ ಪರೀಕ್ಷಿಸುವುದು?

ನೀವು ಹೋಗುವ ಹೊತ್ತಿಗೆ ಇಂಜಿನ್ ತಣ್ಣಗಿರಬೇಕು ಅಂತ ಮೊದಲೇ ಹೇಳಿ. ಹೋದ ತಕ್ಷಣ ಇಂಜಿನ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಯಾಕೆ ಅಂತ ಕೇಳಿ. ಬಿಸಿ ಇಂಜಿನ್ ಎಲ್ಲವೂ ಸಲೀಸಾಗಿ ಸ್ಟಾರ್ಟ್ ಆಗುತ್ತವೆ, ತಣ್ಣಗಿದ್ದಾಗಲೇ ನಿಜ ಗೊತ್ತಾಗುವುದು.

ಹೊಗೆ ನೋಡಿ. ಭಾರ ಬಿದ್ದಾಗ ಸ್ವಲ್ಪ ಕಪ್ಪು ಹೊಗೆ ಬಂದು ಹೋದರೆ ತೊಂದರೆ ಇಲ್ಲ. ನೀಲಿ ಹೊಗೆ ನಿಲ್ಲದೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೇ ರೇಡಿಯೇಟರ್ ನೀರು ಒಳಗೆ ಸೇರುತ್ತಿದೆ. ಇಂಜಿನ್ ಉಸಿರಾಡುವ ಪೈಪಿನಿಂದ ಜೋರಾಗಿ ಹೊಗೆ ನುಗ್ಗುತ್ತಿದ್ದರೆ ರಿಂಗು, ಪಿಸ್ಟನ್ ಸವೆದಿವೆ.

ಹೈಡ್ರಾಲಿಕ್ ಎಣ್ಣೆ ಹಾಲಿನ ಹಾಗೆ ಬೆಳ್ಳಗಾಗಿದ್ದರೆ ನೀರು ಬೆರೆತಿದೆ ಅಂತ ಅರ್ಥ. ಭಾರದ ಉಪಕರಣ ಎತ್ತಿ, ಇಂಜಿನ್ ಆಫ್ ಮಾಡಿ, ದೂರ ನಿಂತು ನೋಡಿ. ಮೆಲ್ಲಗೆ ಇಳಿದರೆ ಸರಿ, ಆಫ್ ಮಾಡಿದ ಕೂಡಲೇ ಕುಸಿದರೆ ಸೀಲ್ ಅಥವಾ ವಾಲ್ವ್ ಹೋಗಿದೆ. ಎತ್ತಿದ ಉಪಕರಣದ ಕೆಳಗೆ ಮಾತ್ರ ಕೈ ಕಾಲು ಹಾಕಬೇಡಿ.

ಕ್ಲಚ್‌ಗೆ: ಬಯಲಲ್ಲಿ, ಯಾರೂ ಎದುರಿಗಿಲ್ಲದಾಗ, ದೊಡ್ಡ ಗೇರ್ ಹಾಕಿ, ಬ್ರೇಕ್ ಗಟ್ಟಿ ಒತ್ತಿ, ಕ್ಲಚ್ ಮೆಲ್ಲಗೆ ಬಿಡಿ. ಇಂಜಿನ್ ಆಫ್ ಆಗಬೇಕು. ಆಗದೆ ಓಡುತ್ತಲೇ ಇದ್ದರೆ ಕ್ಲಚ್ ಜಾರುತ್ತಿದೆ. ಕ್ಲಚ್ ಪ್ಲೇಟಿನ ಬೆಲೆ ದೊಡ್ಡದಲ್ಲ, ಅದಕ್ಕಾಗಿ ಗಾಡಿಯನ್ನು ಎರಡು ಭಾಗ ಮಾಡಬೇಕಾದ ಕೂಲಿ ದೊಡ್ಡದು.

ಮುಂದಿನ ಆಕ್ಸಲ್ ಬ್ರಾಕೆಟ್, ಕ್ಲಚ್ ಹೌಸಿಂಗ್ ಹತ್ತಿರ ವೆಲ್ಡಿಂಗ್ ಗುರುತು, ಹೊಸ ಬಣ್ಣದ ತೇಪೆ ಇದ್ದರೆ ಯಾವತ್ತೋ ಬಿರುಕು ಬಿಟ್ಟಿದೆ. ನಾನಾದರೆ ಅಲ್ಲಿಂದಲೇ ವಾಪಸ್ ಬರುತ್ತೇನೆ. ಮುಂದಿನ ಚಕ್ರ ಎತ್ತಿ ಅಲುಗಾಡಿಸಿ ನೋಡಿ. ಪಿಟಿಒ ಶಾಫ್ಟಿನ ಹಲ್ಲು ಸವೆದಿದೆಯಾ, ಅಲ್ಲಿ ಎಣ್ಣೆ ಜಿನುಗುತ್ತಿದೆಯಾ ನೋಡಿ. ಹಿಂದಿನ ಟೈರಿನ ಪಕ್ಕದಲ್ಲಿ ಸೀಳು ಇದ್ದರೆ ಹೊಸ ಜೋಡಿಯ ಬೆಲೆಯನ್ನು ಚೌಕಾಸಿಯಲ್ಲಿ ಕಳೆಯಿರಿ.

ಗಂಟೆ ಮೀಟರನ್ನು ಒಂದೇ ನಂಬಬೇಡಿ. ಹಳೆಯ ಮೆಕ್ಯಾನಿಕಲ್ ಮೀಟರ್ ಗಡಿಯಾರದ ಗಂಟೆ ಎಣಿಸುವುದಿಲ್ಲ, ಇಂಜಿನ್ ಸುತ್ತು ಎಣಿಸುತ್ತದೆ. ಐಡಲ್‌ನಲ್ಲಿ ಓಡಿದ ಒಂದು ಗಂಟೆ ಅದರಲ್ಲಿ ಒಂದು ಗಂಟೆಗಿಂತ ಕಮ್ಮಿ ತೋರಿಸುತ್ತದೆ. ಪೆಡಲ್ ರಬ್ಬರ್ ಸವೆದು ಕಬ್ಬಿಣ ಕಾಣುತ್ತಿದ್ದು ಮೀಟರ್ ಮಾತ್ರ 300 ತೋರಿಸಿದರೆ ನಗು ಬರಬೇಕು.

ಕೊನೆಗೆ ಕಾಗದ. ಚಾಸಿ, ಇಂಜಿನ್ ನಂಬರ್ ಕಾಗದದಲ್ಲಿರುವುದಕ್ಕೆ ತಾಳೆಯಾಗಬೇಕು. ಹಳೆ ಸಾಲ ಬಾಕಿ ಇರುವ ಗಾಡಿ ಕೊಂಡರೆ ಸಾಲ ಕೊಟ್ಟವರು ನಾಳೆ ನಿಮ್ಮ ಅಂಗಳದಿಂದ ಗಾಡಿ ಎತ್ತಿಕೊಂಡು ಹೋಗಬಹುದು. ಸಾಲ ತೀರಿದೆ ಅನ್ನುವ ಪತ್ರ ನೋಡದೆ ದುಡ್ಡು ಕೊಡಬೇಡಿ.

ಬೇರೆ ದೇಶದಿಂದ ಬಂದ ಹಳೆ ಜಪಾನಿ ಗಾಡಿಗಳು ಬಹಳ ಅಗ್ಗ. ತಗೊಳ್ಳಬಹುದಾ?

ಗಾಡಿ ಕೆಟ್ಟದ್ದಲ್ಲ, ಬಿಡಿಭಾಗದ್ದೇ ಸಮಸ್ಯೆ. ಜಪಾನಿನ ಸ್ವಂತ ಮಾರುಕಟ್ಟೆಗೆ ಮಾಡಿದ ಮಾದರಿ ನಿಮ್ಮ ಕಡೆ ಅದೇ ಕಂಪನಿ ಮಾರುವ ಮಾದರಿಗಿಂತ ಬೇರೆಯೇ ಇರಬಹುದು. ಆಗ ಡೀಲರ್ ಕೈಚೆಲ್ಲುತ್ತಾರೆ. ಕೆಲವಕ್ಕೆ ಪಿಟಿಒದಲ್ಲಿ ಮೂರು ನಾಲ್ಕು ವೇಗ ಇರುತ್ತವೆ, ಬರಹ ಎಲ್ಲ ಜಪಾನಿಯಲ್ಲಿ. ತಿಳಿಯದೆ ಮೇಲಿನ ವೇಗಕ್ಕೆ ಹಾಕಿದರೆ 540ಕ್ಕೆ ಮಾಡಿದ ಉಪಕರಣ ಚೂರಾಗುತ್ತದೆ. ಕ್ಲಚ್ ಪ್ಲೇಟ್, ವಾಟರ್ ಪಂಪ್, ಇಂಜಕ್ಟರ್ ಎಲ್ಲಿ ಸಿಗುತ್ತವೆ ಅಂತ ಫೋನ್ ಮಾಡಿ ಕೇಳಿ. ಉತ್ತರ ಸಿಕ್ಕರೆ ಮುಂದುವರಿಯಿರಿ.

ರೋಲ್ ಬಾರ್ ಇಲ್ಲದ್ದು ಕಮ್ಮಿಗೆ ಸಿಗುತ್ತಿದೆ. ಪರವಾಗಿಲ್ವಾ?

ಹಾಗೇ ಓಡಿಸುವಂತಿಲ್ಲ. ಗಾಡಿ ಮಗುಚಿದಾಗ ಓಡಿಸುವವರು ಅಡಿಗೆ ಸಿಗದಂತೆ ತಡೆಯುವ ಕಬ್ಬಿಣದ ಚೌಕಟ್ಟು ಅದು. ಟ್ರ್ಯಾಕ್ಟರ್ ಅಪಘಾತದ ಸಾವುಗಳಲ್ಲಿ ಗಾಡಿ ಮಗುಚುವುದೇ ಮುಖ್ಯ ಕಾರಣ. ಸ್ವೀಡನ್ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ ಇಂಥ ಚೌಕಟ್ಟನ್ನು ಕಡ್ಡಾಯ ಮಾಡಿತು. ಸಣ್ಣ ಗಾಡಿ ಕಿರಿದಾಗಿರುತ್ತದೆ, ಇಳಿಜಾರಿನಲ್ಲಿ ಬೇಗ ವಾಲುತ್ತದೆ. ರೋಲ್ ಬಾರ್ ಜೊತೆಗೆ ಸೀಟ್ ಬೆಲ್ಟೂ ಹಾಕಬೇಕು. ಬೆಲ್ಟ್ ಇಲ್ಲದಿದ್ದರೆ ಹೊರಗೆ ಎಸೆಯಲ್ಪಟ್ಟು ಅದೇ ಬಾರ್ ಕೆಳಗೆ ಸಿಕ್ಕಿಬೀಳಬಹುದು. ಬಾರ್ ಇಲ್ಲದ ಹಳೆ ಗಾಡಿಗೆ ಅದೇ ಮಾದರಿಗೆಂದು ಪರೀಕ್ಷಿಸಿ ಮಾಡಿದ್ದನ್ನು ಹಾಕಿಸಿ. ಮನೆಯಲ್ಲಿ ಪೈಪು ಬಗ್ಗಿಸಿ ವೆಲ್ಡ್ ಮಾಡಿದ್ದು ಆಗುವುದಿಲ್ಲ.

ಬಡ್ಡಿ "ಶೇ. 10 ಮಾತ್ರ" ಅನ್ನುತ್ತಾರೆ. ನಂಬಬಹುದಾ?

ಯಾವ ಶೇ. 10 ಅಂತ ಕೇಳಿ. ಫ್ಲ್ಯಾಟ್ ಬಡ್ಡಿಯಾ, ಉಳಿದ ಅಸಲಿನ ಮೇಲಿನ ಬಡ್ಡಿಯಾ? ಎರಡಕ್ಕೂ ಅಜಗಜಾಂತರ.

1,00,000 ಸಾಲ, 5 ವರ್ಷ, ತಿಂಗಳ ಕಂತು ಅಂತ ಇಟ್ಟುಕೊಳ್ಳಿ. ಉಳಿದ ಅಸಲಿನ ಮೇಲೆ ಶೇ. 10 ಆದರೆ ಕಂತು ಸುಮಾರು 2,125, ಒಟ್ಟು ಬಡ್ಡಿ ಸುಮಾರು 27,500. ಫ್ಲ್ಯಾಟ್ ಶೇ. 10 ಆದರೆ ಕಂತು 2,500, ಬಡ್ಡಿ 50,000. ನೀವು ಅರ್ಧ ಸಾಲ ತೀರಿಸಿದ ಮೇಲೂ ಪೂರ್ತಿ ಒಂದು ಲಕ್ಷಕ್ಕೇ ಬಡ್ಡಿ ಕಟ್ಟುತ್ತಿರುತ್ತೀರಿ. ಉಳಿದ ಅಸಲಿನ ಲೆಕ್ಕಕ್ಕೆ ತಂದರೆ ಆ ಫ್ಲ್ಯಾಟ್ ಶೇ. 10 ನಿಜವಾಗಿ ಶೇ. 17ಕ್ಕೂ ಮೇಲೆ.

ಈ ತಲೆನೋವೇ ಬೇಡ ಅಂದರೆ ಒಂದು ಉಪಾಯ ಇದೆ. "ಇವತ್ತಿನಿಂದ ಕೊನೆಯ ದಿನದ ತನಕ, ಮುಂಗಡ, ಸಂಸ್ಕರಣಾ ಶುಲ್ಕ, ಕಡ್ಡಾಯ ವಿಮೆ, ಕಂತು ಎಲ್ಲ ಸೇರಿ ನನ್ನ ಜೇಬಿನಿಂದ ಒಟ್ಟು ಎಷ್ಟು ಹೋಗುತ್ತದೆ?" ಅಂತ ಕೇಳಿ, ಬರೆದು ಕೊಡಿ ಅನ್ನಿ. ಇಬ್ಬರು ಮೂವರು ಸಾಲ ಕೊಡುವವರಿಂದ ಇದೇ ಒಂದು ಅಂಕಿ ತರಿಸಿ, ಒಂದೇ ಮುಂಗಡ ಒಂದೇ ಅವಧಿ ಇಟ್ಟು ಹೋಲಿಸಿ.

ತಿಂಗಳಿಗೆ ಎಷ್ಟು ಕಟ್ಟಬಲ್ಲೆ ಅಂತ ಕೇಳಿದರೆ ಏನು ಹೇಳಲಿ?

ಹೇಳಬೇಡಿ. ಆ ಅಂಕಿ ಸಿಕ್ಕಿದ ಕೂಡಲೇ ಅವಧಿ ಎಳೆದು ಯಾವ ಗಾಡಿಯನ್ನಾದರೂ ಅದರೊಳಗೆ ಕೂರಿಸಬಹುದು. ಮೊದಲು ಗಾಡಿಯ ಬೆಲೆ ತೀರ್ಮಾನವಾಗಲಿ, ಸಾಲದ ಮಾತು ಆಮೇಲೆ. ಹಳೆ ಗಾಡಿ ಎಕ್ಸ್‌ಚೇಂಜ್ ಇದ್ದರೆ ಅದೂ ಬೇರೆಯೇ ಮಾತು. ಮೂರನ್ನೂ ಒಟ್ಟಿಗೆ ಮಾತಾಡಿದರೆ ಒಂದರಲ್ಲಿ ಕೊಟ್ಟದ್ದನ್ನು ಇನ್ನೊಂದರಲ್ಲಿ ತೆಗೆದುಕೊಂಡರೂ ಗೊತ್ತಾಗುವುದಿಲ್ಲ.

ಅವಧಿ ಎಷ್ಟಿರಬೇಕು?

ಅದೇ 1,00,000ಕ್ಕೆ ಉಳಿದ ಅಸಲಿನ ಮೇಲೆ ಶೇ. 10ರಲ್ಲಿ 3 ವರ್ಷಕ್ಕೆ ಕಂತು ಸುಮಾರು 3,227, ಬಡ್ಡಿ ಸುಮಾರು 16,200. 7 ವರ್ಷಕ್ಕೆ ಕಂತು ಸುಮಾರು 1,660, ಬಡ್ಡಿ ಸುಮಾರು 39,450. ಕಂತು ಅರ್ಧದಷ್ಟಾಯಿತು, ಬಡ್ಡಿ ಎರಡೂವರೆ ಪಟ್ಟಿನ ಹತ್ತಿರ ಬಂತು.

ಹಾಗಂತ ಕಣ್ಣುಮುಚ್ಚಿ ಕಮ್ಮಿ ಅವಧಿ ಬೇಡ. ಕಳೆದ ಐದಾರು ವರ್ಷದಲ್ಲಿ ಅತಿ ಕೆಟ್ಟ ವರ್ಷ ಯಾವುದು ನೆನಪಿಸಿಕೊಳ್ಳಿ. ಆ ವರ್ಷದ ಆದಾಯದಲ್ಲಿ ಮನೆ ಖರ್ಚು ಕಳೆದು ಎಷ್ಟು ಉಳಿದಿತ್ತೋ, ಅದರಲ್ಲಿ ಕಂತು ಕಟ್ಟಬಹುದಿತ್ತಾ? ಒಳ್ಳೆ ವರ್ಷದ ಮೇಲೆ ಲೆಕ್ಕ ಹಾಕಿದ ಕಂತೇ ಗಾಡಿ ಕಳೆದುಕೊಳ್ಳುವಂತೆ ಮಾಡುವುದು. ಅವಧಿಗೆ ಮೊದಲೇ ತೀರಿಸಿದರೆ ದಂಡ ಇಲ್ಲ ಅನ್ನುವ ಸಾಲ ಸಿಕ್ಕರೆ ಸ್ವಲ್ಪ ಉದ್ದದ ಅವಧಿ ತಗೊಂಡು, ಒಳ್ಳೆ ವರ್ಷದಲ್ಲಿ ಜಾಸ್ತಿ ಕಟ್ಟಿ. ಜಾಸ್ತಿ ಕಟ್ಟಿದ್ದು ಅಸಲಿಗೆ ಹೋಗುತ್ತದಾ, ಮುಂದಿನ ಕಂತಿಗೆ ಜಮಾ ಆಗುತ್ತದಾ ಅಂತ ಖಚಿತ ಮಾಡಿಕೊಳ್ಳಿ. ಮೊದಲನೆಯದಾದರೆ ಮಾತ್ರ ಬಡ್ಡಿ ಇಳಿಯುತ್ತದೆ.

ಬೆಳೆ ಬಂದಾಗ ಮಾತ್ರ ದುಡ್ಡು ಬರುತ್ತದೆ. ತಿಂಗಳ ಕಂತು ಹೇಗೆ?

ಕೃಷಿ ಸಾಲ ಕೊಡುವ ಕಡೆ ಆರು ತಿಂಗಳ ಅಥವಾ ವರ್ಷದ ಕಂತು ಸಾಮಾನ್ಯ. ನಿಮ್ಮ ಬೆಳೆ ಮಾರಾಟವಾಗುವ ತಿಂಗಳ ನಂತರದ ತಾರೀಖು ಕೇಳಿ, ಕೊಯ್ಲಿನ ತಿಂಗಳನ್ನೇ ಅಲ್ಲ. ದುಡ್ಡು ಕೈಗೆ ಬರುವುದು ತಡವಾಗುತ್ತದೆ. "ಮೊದಲ ಆರು ತಿಂಗಳು ಕಂತಿಲ್ಲ" ಅನ್ನುವ ಸೌಲಭ್ಯ ಇದ್ದರೆ ಆ ಆರು ತಿಂಗಳ ಬಡ್ಡಿ ಎಲ್ಲಿ ಹೋಯಿತು ಅಂತ ಕೇಳಿ. ಹೆಚ್ಚಿನ ಸಲ ಅಸಲಿಗೇ ಸೇರಿರುತ್ತದೆ.

ಸೊನ್ನೆ ಬಡ್ಡಿ ಕೊಡುಗೆ ನಿಜವಾ?

ಅರ್ಧ ನಿಜ. ನಗದು ಕೊಟ್ಟರೆ ಎಷ್ಟು ಕಮ್ಮಿ ಮಾಡುತ್ತೀರಿ ಅಂತ ಕೇಳಿ. 1,00,000ದ ಗಾಡಿ ನಗದಿಗೆ 92,000 ಅಂದರೆ, ಐದು ವರ್ಷದ ಆ ಸೊನ್ನೆ ಬಡ್ಡಿ ಸಾಲ ನಿಜವಾಗಿ ಶೇ. 3.3ರಷ್ಟು ಬಡ್ಡಿಯ ಸಾಲ. ಆದರೂ ಹೊರಗೆ ಶೇ. 10ಕ್ಕೆ ಸಾಲ ತಂದು ನಗದು ಕೊಡುವುದಕ್ಕಿಂತ ಇದೇ ಮೇಲು. ಕೈಯಲ್ಲಿ ನಗದು ಇದ್ದವರು ಮಾತ್ರ ರಿಯಾಯಿತಿ ಕಡೆ ವಾಲಬಹುದು.

ಇರುವ ಉಳಿತಾಯವನ್ನೆಲ್ಲ ಮುಂಗಡ ಕಟ್ಟಿಬಿಡಲಾ?

ಮುಂಗಡ ಜಾಸ್ತಿ ಆದಷ್ಟೂ ಬಡ್ಡಿ ಕಮ್ಮಿ, ನಿಜ. ತೀರಾ ಕಮ್ಮಿ ಮುಂಗಡ ಕಟ್ಟಿದರೆ ಮೊದಲ ಎರಡು ವರ್ಷ ಗಾಡಿ ಮಾರಿದರೂ ಸಾಲ ತೀರದ ಸ್ಥಿತಿ ಬರುತ್ತದೆ. ಆದರೆ ಜೇಬು ಪೂರ್ತಿ ಖಾಲಿ ಮಾಡಿದರೆ ಮೊದಲ ಪಂಕ್ಚರಿಗೆ ಕೈಸಾಲ ಮಾಡಬೇಕಾಗುತ್ತದೆ. ಅದರ ಬಡ್ಡಿ ಟ್ರ್ಯಾಕ್ಟರ್ ಸಾಲಕ್ಕಿಂತ ಎಷ್ಟೋ ಜಾಸ್ತಿ. ಒಂದು ಕಂತು ಮತ್ತು ಒಂದು ಸೀಸನ್ನಿನ ಓಡಿಸುವ ಖರ್ಚು ಕೈಯಲ್ಲಿ ಉಳಿಯುವಷ್ಟು ಇಟ್ಟುಕೊಂಡು ಮಿಕ್ಕದ್ದು ಕಟ್ಟಿ.

ಓಡಿಸುವ ಖರ್ಚು ಎಷ್ಟು ಬರುತ್ತದೆ?

25 ಎಚ್‌ಪಿ ಗಾಡಿ ಸಾಧಾರಣ ಭಾರದ ಕೆಲಸಕ್ಕೆ ಗಂಟೆಗೆ 3ರಿಂದ 4 ಲೀಟರ್ ಡೀಸೆಲ್ ಕುಡಿಯುತ್ತದೆ. ಹಗುರ ಕೆಲಸಕ್ಕೆ ಕಮ್ಮಿ. ಹೊಸ ಗಾಡಿಯ ಮೊದಲ ಸರ್ವಿಸ್ ಸಾಮಾನ್ಯವಾಗಿ 50 ಗಂಟೆಗೆ. ಇದನ್ನು ತಪ್ಪಿಸಬೇಡಿ. ಹೊಸ ಭಾಗಗಳು ಉಜ್ಜಿ ಬಂದ ಲೋಹದ ಪುಡಿ ಆ ಆಯಿಲ್‌ನಲ್ಲಿರುತ್ತದೆ, ತಪ್ಪಿಸಿದರೆ ವಾರಂಟಿಗೂ ತೊಂದರೆ. ಆಮೇಲಿನದು ಕೈಪಿಡಿಯಲ್ಲಿದೆ. ಏರ್ ಫಿಲ್ಟರ್ ಮಾತ್ರ ಧೂಳಿನ ದಿನಗಳಲ್ಲಿ ಕೈಪಿಡಿ ಹೇಳುವುದಕ್ಕಿಂತ ಬೇಗ ಬೇಗ ನೋಡಿ.

ಸಾಲದ ಕಾಗದದಲ್ಲಿ ಯಾವುದನ್ನು ಬಿಡದೆ ಓದಬೇಕು?

ತಡವಾದರೆ ದಂಡ ಎಷ್ಟು, ಎಷ್ಟು ಕಂತು ತಪ್ಪಿದರೆ ಗಾಡಿ ಹಿಡಿಯಬಹುದು, ಬಡ್ಡಿ ಬದಲಾಗುತ್ತದಾ, ಅಡಮಾನಕ್ಕೆ ಗಾಡಿ ಒಂದೇನಾ ಅಥವಾ ಜಮೀನೂ ಇದೆಯಾ. ಕೊನೆಯದು ಎಲ್ಲಕ್ಕಿಂತ ಮುಖ್ಯ. ಸಣ್ಣ ಗಾಡಿಯ ಸಾಲಕ್ಕೆ ಜಮೀನು ಬರೆದು ಕೊಡುವ ಮೊದಲು ಇನ್ನೊಂದು ಕಡೆ ವಿಚಾರಿಸಿ. ಜಾಮೀನು ಹಾಕಿದವರಿಗೂ ಈ ಷರತ್ತುಗಳನ್ನು ಓದಿ ಹೇಳಿ, ನೀವು ಕಟ್ಟದಿದ್ದರೆ ಕಟ್ಟಬೇಕಾದವರು ಅವರೇ. ಖಾಲಿ ಜಾಗ ಬಿಟ್ಟ ಕಾಗದಕ್ಕೆ ಸಹಿ ಬೇಡ, ಪ್ರತಿ ತಗೊಂಡೇ ಹೊರಡಿ.

ಕಂತು ಕಟ್ಟಲು ಆಗದ ಪರಿಸ್ಥಿತಿ ಬಂದರೆ?

ತಪ್ಪುವ ಮೊದಲೇ ಹೋಗಿ ಮಾತಾಡಿ. ಒಂದೂ ಕಂತು ತಪ್ಪಿಸದವರು ಅವಧಿ ವಿಸ್ತರಿಸಿ ಅಂತ ಕೇಳಿದರೆ ಒಪ್ಪುವ ಸಾಧ್ಯತೆ ಜಾಸ್ತಿ. ಬರೀ ಬಾಯಿಮಾತಿಗೆ ಬಿಡದೆ ಬರಹದಲ್ಲಿ ಪಡೆಯಿರಿ. ಏನೂ ದಾರಿ ಕಾಣದಿದ್ದರೆ, ಸಾಲ ಕೊಟ್ಟವರ ಒಪ್ಪಿಗೆ ಪಡೆದು ನೀವೇ ಗಾಡಿ ಮಾರಿ. ಜಪ್ತಿ ಮಾಡಿ ಹರಾಜು ಹಾಕಿದರೆ ಬರುವ ಬೆಲೆ ನೀವು ಮಾರಿದ್ದಕ್ಕಿಂತ ಕಮ್ಮಿಯೇ, ಬಾಕಿ ಮಾತ್ರ ನಿಮ್ಮ ತಲೆ ಮೇಲೆ ಉಳಿಯುತ್ತದೆ.

ಸಾಲ ತೀರಿದ ಮೇಲೆ ಏನಾದರೂ ಮಾಡಬೇಕಾ?

ಬಾಕಿ ಇಲ್ಲ ಅನ್ನುವ ಪತ್ರ ತಗೊಳ್ಳಿ. ನೋಂದಣಿ ಕಾಗದದಲ್ಲಿ ಸಾಲ ಕೊಟ್ಟವರ ಹೆಸರಿದ್ದರೆ ತೆಗೆಸಿ. ಅದು ತಾನಾಗಿ ಹೋಗುವುದಿಲ್ಲ. ಮುಂಗಡವಾಗಿ ಕೊಟ್ಟ ಚೆಕ್ಕುಗಳನ್ನೂ, ಅಡವಿಟ್ಟ ದಾಖಲೆಗಳನ್ನೂ ಎಣಿಸಿ ವಾಪಸ್ ಪಡೆಯಿರಿ. ಬ್ಯಾಂಕ್ ಖಾತೆಯಿಂದ ತಾನಾಗಿ ಕಂತು ಹೋಗುತ್ತಿದ್ದರೆ ಅದನ್ನು ನಿಲ್ಲಿಸಲು ಬರೆದು ಕೊಡಿ. ವಿಮೆಯಲ್ಲೂ ಅವರ ಹೆಸರಿದ್ದರೆ ಮುಂದಿನ ನವೀಕರಣದ ಹೊತ್ತಿಗೆ ಬದಲಿಸಿ, ಇಲ್ಲದಿದ್ದರೆ ಪರಿಹಾರದ ಚೆಕ್ ಅವರ ಹೆಸರಿಗೆ ಹೋಗುತ್ತದೆ.